ಡೈವ್ ಟೇಬಲ್ಲೋ, ಕೈಗೆ ಕಟ್ಟುವ ಕಂಪ್ಯೂಟರೋ?

ನೀರಿನಡಿ ಆಳ, ಸಮಯ ಅಳೆದು ಲೆಕ್ಕ ಹೇಳುವ ಡೈವ್ ಕಂಪ್ಯೂಟರ್ ಕೈಯಲ್ಲಿದ್ದರೆ ಸ್ಕೂಬಾ ಸುರಕ್ಷಿತವೇ ಎಂದು ನಮ್ಮ ಶಿವಮೊಗ್ಗದಲ್ಲಿ ಹೊಸದಾಗಿ ಕಲಿತ ಹುಡುಗರು ಆಗಾಗ ಕೇಳುತ್ತಾರೆ. ನೀರಿನಿಂದ ಮೇಲೆ ಬರುವ ಹೊತ್ತಿಗೆ ಖಂಡಿತ ಹೌದು. ಕೆಳಗೆ ಎಷ್ಟು ಹೊತ್ತು ಇರಬಹುದು ಅನ್ನುವುದಕ್ಕೆ ಮಾತ್ರ ನನಗೆ ಈಗಲೂ ಯಾವ ಆಳಕ್ಕೆ ಎಷ್ಟು ನಿಮಿಷ ಎಂದು ಅಚ್ಚಾದ ಹಳೆಯ ಪ್ಲಾಸ್ಟಿಕ್ ಟೇಬಲ್ ಮೇಲೇ ನಂಬಿಕೆ ಜಾಸ್ತಿ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಎರಡನ್ನೂ ಒಟ್ಟಿಗೆ ಬಳಸಿ ನೋಡಿ ಈ ಮಾತು ಹೇಳುತ್ತಿದ್ದೇನೆ. ಎಡಗೈಗೆ ವಾಚು ಮತ್ತು ಆಳ ತೋರಿಸುವ ಡೆಪ್ತ್ ಗೇಜ್, ಬಲಗೈಗೆ ಸುಂಟೋ ಕಂಪನಿಯ ಕಂಪ್ಯೂಟರ್, ಟೇಬಲ್ ಜಾಕೆಟ್ ಜೇಬಿನಲ್ಲಿ.

ಟೇಬಲ್ ಲೆಕ್ಕ ಸರಳ. ನೀವು ಮುಟ್ಟಿದ ಅತಿ ಹೆಚ್ಚು ಆಳದಲ್ಲೇ ಪೂರ್ತಿ ಹೊತ್ತು ಇದ್ದಿರಿ ಎಂದು ಅದು ಹಿಡಿಯುತ್ತದೆ. ಸ್ಕೂಬಾ ತರಬೇತಿ ಸಂಸ್ಥೆ ಪ್ಯಾಡಿಯ, 1988ರಲ್ಲಿ ಬಂದ ಟೇಬಲ್‌ನಲ್ಲಿ 18 ಮೀಟರ್‌ಗೆ 56 ನಿಮಿಷ, 30 ಮೀಟರ್‌ಗೆ 20 ನಿಮಿಷ, ಅಷ್ಟೇ. ಆದರೆ ನಿಜವಾಗಿ ಯಾರೂ ತಳದಲ್ಲೇ ಕೂರುವುದಿಲ್ಲ ಅಲ್ವಾ? ಮೊದಲು 18 ಮೀಟರ್‌ಗೆ ಇಳಿದು, ಬಂಡೆಗುಂಟ ಮೀನು ನೋಡುತ್ತಾ ನಿಧಾನವಾಗಿ ಮೇಲೆ ಬರುತ್ತೇವೆ. ಕಂಪ್ಯೂಟರ್ ಇದನ್ನೆಲ್ಲ ಕ್ಷಣಕ್ಷಣ ಅಳೆಯುತ್ತದೆ. ಟೇಬಲ್ ಪ್ರಕಾರ ಐದಾರು ನಿಮಿಷ ಬಾಕಿ ಇರುವಾಗ, ಏಳೆಂಟು ಮೀಟರ್‌ನಲ್ಲಿ ನನ್ನ ಬಲಗೈ ಇನ್ನೂ 99 ನಿಮಿಷ ಇರಬಹುದು ಎಂದು ತೋರಿಸುತ್ತಿತ್ತು.

ಎರಡರ ಲೆಕ್ಕವೂ ಸರಿಯೇ. ಆಳದಲ್ಲಿ ಉಸಿರಾಡುವ ಗಾಳಿಯ ನೈಟ್ರೋಜನ್ ಮೈಯಲ್ಲಿ ಕರಗುತ್ತದೆ, ಅದು ಹೆಚ್ಚಾಗಿದ್ದಾಗ ಬೇಗ ಮೇಲೆ ಬಂದರೆ ಗುಳ್ಳೆಯಾಗಿ ಅಪಾಯ ತರುತ್ತದೆ. ಟೇಬಲ್ ಲೆಕ್ಕ ಹಿಡಿದಷ್ಟು ನೈಟ್ರೋಜನ್ ನಿಜವಾಗಿ ನಮ್ಮ ಮೈಗೆ ಸೇರಿರುವುದಿಲ್ಲ. ಆ ವ್ಯತ್ಯಾಸವೇ ನಮ್ಮನ್ನು ಕಾಪಾಡುತ್ತಿದ್ದದ್ದು. ಕಂಪ್ಯೂಟರ್ ಅದನ್ನೇ ಸಮಯವಾಗಿ ನಮ್ಮ ಕೈಗೆ ಕೊಡುತ್ತದೆ. ಕೊಟ್ಟದ್ದನ್ನೆಲ್ಲ ಪ್ರತಿ ಸಲ ಖರ್ಚು ಮಾಡಿದರೆ, ಟೇಬಲ್ ನೋಡಿ ಮುಳುಗಿದವರಿಗಿಂತ ಜಾಸ್ತಿ ನೈಟ್ರೋಜನ್ ಹೊತ್ತುಕೊಂಡೇ ಮೇಲೆ ಬರುತ್ತೀರಿ. ಇನ್ನು ನಿಮ್ಮ ಮೈಯ ಸ್ಥಿತಿ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ರಾತ್ರಿಯಿಡೀ ಘಾಟಿಯ ತಿರುವುಗಳಲ್ಲಿ ನಿದ್ದೆಗೆಟ್ಟು, ಮುರುಡೇಶ್ವರದಿಂದ ದೋಣಿಯಲ್ಲಿ ವಾಂತಿ ಮಾಡಿಕೊಂಡು, ನೀರೂ ಕುಡಿಯದೆ ಮುಳುಗುವವರನ್ನು ಕಂಡಿದ್ದೇನೆ. ಅವರ ಕೈಯಲ್ಲೂ ಅದೇ ಅಂಕಿ ಬರುತ್ತದೆ. ಆದ್ದರಿಂದ ನಾನು ಎಷ್ಟು ಹೊತ್ತು ಎಂದು ಹಿಂದಿನ ರಾತ್ರಿಯೇ ಟೇಬಲ್ ನೋಡಿ ಗೊತ್ತು ಮಾಡಿಕೊಳ್ಳುತ್ತೇನೆ.

ಮೇಲೆ ಬರುವಾಗ ಮಾತ್ರ ವಾಚು, ಗೇಜ್ ಕಂಪ್ಯೂಟರಿನ ಹತ್ತಿರಕ್ಕೂ ಬರುವುದಿಲ್ಲ. ಸುತ್ತ ಬರೀ ನೀಲಿ, ಹಿಡಿಯಲು ಹಗ್ಗವಿಲ್ಲ. ನಿಮಿಷಕ್ಕೆ 10 ಮೀಟರ್‌ಗಿಂತ ವೇಗವಾಗಿ ಏಳುತ್ತಿದ್ದೇನೆಯೇ ಎಂದು ಎರಡು ಮುಳ್ಳು ನೋಡಿ ಲೆಕ್ಕ ಹಾಕುವುದು ಬಹಳ ಕಷ್ಟ. ಕಂಪ್ಯೂಟರ್ ಆದರೆ ತಕ್ಷಣ ಕೂಗುತ್ತದೆ, ಪರದೆಯಲ್ಲಿ 'ಸ್ಲೋ' ಎಂದು ಮಿನುಗುತ್ತದೆ. ಕೊನೆಯ 10 ಮೀಟರ್‌ನಲ್ಲಿ ಒತ್ತಡ ಅರ್ಧಕ್ಕೆ ಇಳಿಯುತ್ತದೆ, ಅವಸರ ಮಾಡಬಾರದ ಜಾಗ ಅದು. 5 ಮೀಟರ್‌ನಲ್ಲಿ 3 ನಿಮಿಷ ತಡೆದು ನಿಲ್ಲುವ ಸೇಫ್ಟಿ ಸ್ಟಾಪನ್ನೂ ಅದೇ ಎಣಿಸಿ ಕೊಡುತ್ತದೆ. ಈ ಒಂದು ಕೆಲಸಕ್ಕೇ ಕೊಟ್ಟ ದುಡ್ಡು ಸಾರ್ಥಕ.

'ಗೈಡ್ ಕೈಯಲ್ಲಿ ಇದೆಯಲ್ಲ ಅಣ್ಣಾ, ನಮಗ್ಯಾಕೆ?' ಎನ್ನುವವರಿದ್ದಾರೆ. ಅದು ನಡೆಯುವುದಿಲ್ಲ. ಗೈಡ್ ನಿಮಗಿಂತ ಎರಡು ಮೀಟರ್ ಮೇಲಿರುತ್ತಾರೆ, ಬೆಳಿಗ್ಗೆ ಅವರು ಬೇರೆ ಡೈವ್ ಮುಗಿಸಿರಲೂಬಹುದು. ಇಬ್ಬರು ಜೊತೆಗಾರರ ಕಂಪ್ಯೂಟರ್ ಬೇರೆ ಬೇರೆ ಹೇಳಿದರೆ ಕಡಿಮೆ ತೋರಿಸಿದ್ದನ್ನೇ ಇಬ್ಬರೂ ಪಾಲಿಸಬೇಕು.

ಮಲೆನಾಡಿನವರು ಎತ್ತರದ ವಿಷಯವನ್ನೂ ನೋಡಿಕೊಳ್ಳಬೇಕು. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಮೈಯಲ್ಲಿನ ನೈಟ್ರೋಜನ್ ಗುಳ್ಳೆಯಾಗುವುದು ಸುಲಭ. ಮಾಮೂಲಿ ಟೇಬಲ್ ಸಮುದ್ರಮಟ್ಟದಿಂದ 300 ಮೀಟರ್‌ವರೆಗಿನ ನೀರಿಗೆ ಮಾತ್ರ. ಲಿಂಗನಮಕ್ಕಿ ತುಂಬಿದಾಗ ನೀರು 554 ಮೀಟರ್‌ನಲ್ಲಿರುತ್ತದೆ. ಅಂಥ ಕಡೆ ಟೇಬಲ್ ಹಾಗೇ ಬಳಸಬಾರದು, ಕೆಲವು ಕಂಪ್ಯೂಟರ್‌ಗಳಲ್ಲಿ ಎತ್ತರವನ್ನು ನಾವೇ ಬದಲಾಯಿಸಬೇಕು. ನೇತ್ರಾಣಿಯಿಂದ ಹಿಂತಿರುಗುವಾಗಲೂ ಅಷ್ಟೇ. ಡೈವ್ ಆದ ಮೇಲೆ ವಿಮಾನ ಹತ್ತಲು 12ರಿಂದ 18 ಗಂಟೆ ಕಾಯಬೇಕೆಂಬ ಸಲಹೆ 610 ಮೀಟರ್‌ಗಿಂತ ಮೇಲಿನ ಎತ್ತರಕ್ಕೆ. ಶಿವಮೊಗ್ಗ ಅದಕ್ಕಿಂತ ಸ್ವಲ್ಪ ಕೆಳಗಿದೆ ಎಂದು ಸುಮ್ನೆ ಅದೇ ಸಂಜೆ ಗೇರುಸೊಪ್ಪೆ ಘಾಟಿ ಹತ್ತುವವನಲ್ಲ ನಾನು. ಮುರುಡೇಶ್ವರದಲ್ಲಿ ಉಳಿದು, ಕಂಪ್ಯೂಟರ್ ಪರದೆಯಲ್ಲಿ ‘ಇನ್ನೂ ಹಾರಬೇಡಿ’ ಎನ್ನುವ ವಿಮಾನದ ಗುರುತು ಹೋದ ಮೇಲೇ ಹೊರಡುತ್ತೇನೆ.