ಪಿತ್ತ ನೆತ್ತಿಗೇರುವವರ ಶಿಬಿರದಲ್ಲಿ ಎರಡು ದಿನ

ತೀರ್ಥಹಳ್ಳಿಯ ಆಚೆ, ಅಡಿಕೆ ತೋಟಗಳ ನಡುವೆ ಇಳಿದು ಮತ್ತೆ ಹತ್ತಬೇಕಾದ ಗುಡ್ಡವೊಂದರ ಮೇಲಿನ ಧ್ಯಾನಕೇಂದ್ರದಲ್ಲಿ ಕೊಲೆರಿಕ್ (ಪಿತ್ತಪ್ರಕೃತಿಯ, ಮುಂಗೋಪದ) ಸ್ವಭಾವವನ್ನು ಕ್ರೈಸ್ತ ದೃಷ್ಟಿಯಿಂದ ಅರಿಯುವುದಕ್ಕೆಂದು ಏರ್ಪಡಿಸಿದ್ದ ಶಿಬಿರಕ್ಕೆ ನಾನು ಮತ್ತು ನನ್ನ ಪತ್ನಿ ಜನವರಿಯ ಒಂದು ಶನಿವಾರ ಮತ್ತು ಭಾನುವಾರ ಹೋಗಿ ಬಂದೆವು. ಊಟ, ವಸತಿ ಸೇರಿ ಒಬ್ಬರಿಗೆ 1,200 ರೂಪಾಯಿ ಶುಲ್ಕವಿತ್ತು. ಆ ಹಣಕ್ಕೆ ಸಿಕ್ಕಿದ್ದು ಒಂದು ಅತ್ಯುತ್ತಮ ಮಧ್ಯಾಹ್ನ, ಒಂದು ಸಾಧಾರಣ ಬೆಳಗು ಮತ್ತು ತೀರಾ ಕಳಪೆಯಾದ ಒಂದು ಪ್ರಶ್ನಾವಳಿ. ಆ ಮಧ್ಯಾಹ್ನವೊಂದಕ್ಕಾಗಿ ಮಿಕ್ಕದ್ದನ್ನೆಲ್ಲ ಸಹಿಸಿಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ.

ಮೊದಲು ಕೈಗೆ ಕೊಟ್ಟ ಪುಸ್ತಿಕೆಯ ವಿಷಯ. ಅದರ ಮೊದಲ ಪುಟದಲ್ಲೇ 'ಬೈಬಲ್ ತಿಳಿಸುವ ನಾಲ್ಕು ಸ್ವಭಾವಗಳು' ಎಂಬ ಶೀರ್ಷಿಕೆ ಇದೆ. ಬೈಬಲಿನಲ್ಲಿ ಎಲ್ಲಿಯೂ ಈ ನಾಲ್ಕರ ವಿಂಗಡಣೆ ಇಲ್ಲ. ಮನುಷ್ಯನ ದೇಹದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳಿವೆ ಎಂಬುದು ಹಿಪೊಕ್ರೆಟಿಸ್‌ನ ಪರಂಪರೆಯ ಗ್ರೀಕ್ ವೈದ್ಯರ ನಂಬಿಕೆ; ಕ್ರಿಸ್ತಶಕ 2ನೇ ಶತಮಾನದ ಗೇಲನ್ ಅದನ್ನು ಸ್ವಭಾವಗಳೊಂದಿಗೆ ಜೋಡಿಸಿದ. ಹಳದಿ ಪಿತ್ತ ಹೆಚ್ಚಾದವನೇ ಕೊಲೆರಿಕ್, ಅಂದರೆ ಬೇಗ ನಿರ್ಧರಿಸುವ, ಇತರರನ್ನು ಮುನ್ನಡೆಸುವ, ಅಡ್ಡ ಬಂದವರ ಮೇಲೆ ಉರಿದುಬೀಳುವ ವ್ಯಕ್ತಿ. ರಸಗಳ ಸಿದ್ಧಾಂತವನ್ನು ವೈದ್ಯಶಾಸ್ತ್ರ ಎಂದೋ ಕೈಬಿಟ್ಟಿದೆ. ಆದರೂ ಈ ವಿಂಗಡಣೆ ಇಂದಿನ ಕ್ರೈಸ್ತ ಸಭೆಗಳಲ್ಲಿ, ಅದರಲ್ಲೂ ಪ್ರಾಟೆಸ್ಟೆಂಟ್ ವಲಯದಲ್ಲಿ, ಇಷ್ಟು ಬಳಕೆಯಲ್ಲಿರುವುದಕ್ಕೆ ಅಮೆರಿಕದ ಪಾಸ್ಟರ್ ಟಿಮ್ ಲಾಹೇ 1966ರಲ್ಲಿ ಬರೆದ ಪುಸ್ತಕವೂ ಒಂದು ದೊಡ್ಡ ಕಾರಣ. ಇಷ್ಟನ್ನು ಪುಸ್ತಿಕೆಯಲ್ಲಿ ಹೇಳಿದ್ದರೆ ಯಾರ ವಿಶ್ವಾಸಕ್ಕೂ ಧಕ್ಕೆ ಬರುತ್ತಿರಲಿಲ್ಲ. ಒಂದೆರಡು ಕಡೆ 'ಕಾಲರಿಕ್' ಎಂದು ಅಚ್ಚಾಗಿದ್ದುದನ್ನು ಕಂಡು, ನಮ್ಮ ಸಾಲಿನಲ್ಲಿದ್ದ ಹಿರಿಯರೊಬ್ಬರು ಇದು ಕಾಲರಾ ರೋಗದ ಶಿಬಿರವೇ ಎಂದು ವಿಚಾರಿಸಿದರು. ಎರಡೂ ಪದಗಳ ಬೇರು ಪಿತ್ತವನ್ನು ಸೂಚಿಸುವ ಗ್ರೀಕ್ ಪದವೇ ಆಗಿರುವುದರಿಂದ ಅವರ ಅನುಮಾನವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ! 'ಪಿತ್ತ ನೆತ್ತಿಗೇರಿತು' ಎಂದು ನಾವು ದಿನವೂ ಆಡುವ ಮಾತಿನಿಂದ ಆರಂಭಿಸಿದ್ದರೆ ಅರ್ಧ ಗಂಟೆಯ ವಿವರಣೆ ಉಳಿಯುತ್ತಿತ್ತು.

ಪ್ರಶ್ನಾವಳಿ ಇಂಗ್ಲಿಷಿನಿಂದ ಅವಸರದಲ್ಲಿ ತಂದದ್ದೆಂಬುದು ಓದಿದ ಕೂಡಲೇ ತಿಳಿಯುತ್ತದೆ. ಕಾರ್ಪೊರೇಟ್ ಕಚೇರಿಯ ಮೀಟಿಂಗ್‌ಗಳ ಬಗ್ಗೆ ನಾಲ್ಕು ಪ್ರಶ್ನೆಗಳಿವೆ. ಅಡಿಕೆ ಕೊನೆಕೊಯ್ಲಿನ ದಿನ ಆಳು ಬಾರದಿದ್ದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಯಿಲ್ಲ. ಆದರೆ ಸಂಘಟಕರು ಒಂದು ಜಾಣತನ ಮಾಡಿದ್ದರು. ದಂಪತಿಗಳಾಗಿ ಬಂದವರಿಗೆ ಎರಡೆರಡು ಹಾಳೆ ಕೊಟ್ಟು, ಒಂದನ್ನು ತಮ್ಮ ಬಗ್ಗೆ, ಇನ್ನೊಂದನ್ನು ಸಂಗಾತಿಯ ಬಗ್ಗೆ ತುಂಬಿಸಿದರು. 'ತಪ್ಪಾದಾಗ ಒಪ್ಪಿಕೊಳ್ಳುತ್ತಾರೆ' ಎಂಬ ಸಾಲಿನ ಮುಂದೆ ನಾನು 'ಯಾವಾಗಲೂ' ಎಂದು ಗುರುತು ಹಾಕಿದ್ದೆ. ಅದೇ ಸಾಲಿಗೆ ಪತ್ನಿ 'ನೆನಪಿಲ್ಲ' ಎಂದು ಸ್ವಂತ ಅಕ್ಷರದಲ್ಲಿ ಬರೆದಿದ್ದಳು. ಅಂತಹ ಆಯ್ಕೆಯೇ ಹಾಳೆಯಲ್ಲಿ ಇರಲಿಲ್ಲ.

ಶನಿವಾರ ಮಧ್ಯಾಹ್ನದ ಉಪನ್ಯಾಸವನ್ನು ನೀಡಿದವರು ವಯಸ್ಸಾದ ಗುರುಗಳು (ಪಾದ್ರಿ). ಸಂತ ಪೌಲರನ್ನು ಕೊಲೆರಿಕ್ ಸ್ವಭಾವಕ್ಕೆ ಉದಾಹರಣೆಯಾಗಿ ಕೊಡುವುದು ಈ ವಿಷಯದ ಉಪನ್ಯಾಸಗಳಲ್ಲಿ ರೂಢಿ. ದಮಸ್ಕದ ದಾರಿಯಲ್ಲಿ ಮನಪರಿವರ್ತನೆಯಾಯಿತು, ಕ್ರೈಸ್ತರನ್ನು ಹಿಂಸಿಸುತ್ತಿದ್ದ ಹುರುಪೇ ಕ್ರಿಸ್ತನನ್ನು ಸಾರುವ ಹುರುಪಾಯಿತು ಎಂದು ಹೇಳಿ ಮುಗಿಸಿಬಿಡುತ್ತಾರೆ. ಈ ಗುರುಗಳು ದಮಸ್ಕಕ್ಕೆ ಎರಡೇ ನಿಮಿಷ ಕೊಟ್ಟು, ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ 15ನೇ ಅಧ್ಯಾಯದ ಕೊನೆಯ ಭಾಗವನ್ನು ತೆರೆದರು. ಪಂಫೀಲಿಯದಲ್ಲಿ ತಮ್ಮನ್ನು ಬಿಟ್ಟು ಹಿಂದಿರುಗಿದ್ದ ಮಾರ್ಕನನ್ನು ಮತ್ತೆ ಜೊತೆಗೆ ಕರೆದೊಯ್ಯುವುದು ಬೇಡವೆಂದು ಪೌಲರು ಹಟ ಹಿಡಿಯುತ್ತಾರೆ, ಅವರ ಸಂಗಡಿಗ ಬಾರ್ನಬ ಒಪ್ಪುವುದಿಲ್ಲ, ವಾಗ್ವಾದ ಬಿರುಸಾಗಿ ಬಾರ್ನಬ ಮಾರ್ಕನೊಂದಿಗೆ ಸೈಪ್ರಸ್ಸಿಗೆ ಹೊರಡುತ್ತಾನೆ, ಪೌಲರು ಸೀಲನೊಂದಿಗೆ ಬೇರೆ ದಾರಿ ಹಿಡಿಯುತ್ತಾರೆ. ಇದು ನಡೆದದ್ದು ಮನಪರಿವರ್ತನೆಗೆ ಮುಂಚೆಯಲ್ಲ, ಅದಾಗಿ ಎಷ್ಟೋ ವರ್ಷಗಳ ನಂತರ ಎಂಬುದನ್ನು ಗುರುಗಳು ಒತ್ತಿ ಹೇಳಿದರು. ಬಳಿಕ ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ 4ನೇ ಅಧ್ಯಾಯವನ್ನು ತೆಗೆದು, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಎಂಬ ಅರ್ಥದ ಮಾತನ್ನು ಓದಿಸಿದರು. ಈ ಎರಡರ ನಡುವೆ ಯಾರು ಯಾರ ಬಳಿ ಹೋದರು, ಮೊದಲು ಮಾತನಾಡಿದವರು ಯಾರು ಎಂಬುದು ಗ್ರಂಥದಲ್ಲಿಲ್ಲ. ಅದನ್ನು ಊಹಿಸಿ ತುಂಬಲು ಅವರು ಹೋಗಲಿಲ್ಲ. ಒಂದು ಗಂಟೆ ಮೌನವಾಗಿ ಕುಳಿತು, ನೀವು ಹೊರಗಟ್ಟಿದ ಒಬ್ಬನ ಹೆಸರನ್ನು ಬರೆಯಿರಿ ಎಂದಷ್ಟೇ ಹೇಳಿದರು.

ನಾನು ಬರೆದದ್ದು ನಮ್ಮ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದ ಒಬ್ಬನ ಹೆಸರನ್ನು. ಕೊಳೆರೋಗದ ಕಾಲದಲ್ಲಿ, ಮಳೆ ಒಂದಿಷ್ಟು ಹೊಳವಾದಾಗಲೇ ಬೋರ್ಡೋ ದ್ರಾವಣ ಸಿಂಪಡಿಸಬೇಕಾದ್ದರಿಂದ ಎರಡು ದಿನದ ವಿಳಂಬವೂ ಆಗ ದುಬಾರಿ. ಅವನು ಎರಡು ದಿನ ತಡವಾಗಿ ಬಂದ; ನಾನು ಎಲ್ಲರೆದುರು ಬೈದು ಅಟ್ಟಿದೆ. ಬೇರೆಯವರು ಸಿಗುವಷ್ಟರಲ್ಲಿ ಎರಡು ವಾರ ಕಳೆದು, ಕಾಯಿ ಉದುರಿ ಅಂಗಳದ ತುಂಬ ವಾಸನೆ ಹಿಡಿದಿತ್ತು. ಆ ನಷ್ಟದ ಲೆಕ್ಕವನ್ನು ಅಷ್ಟು ದಿನವೂ ನಾನು ಅವನ ಖಾತೆಗೇ ಬರೆದುಕೊಂಡು ಬಂದಿದ್ದೆ.

ಕೋಪವೇ ಪಾಪವೆಂದು ಗುರುಗಳು ಹೇಳಲಿಲ್ಲ ಎಂಬುದು ಈ ಶಿಬಿರದ ದೊಡ್ಡ ಗುಣ. ಬತ್ತಿದ ಕೈಯವನನ್ನು ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ ದಿನದಲ್ಲಿ ಗುಣಪಡಿಸುವಾಗ ಸುತ್ತಲಿನವರ ಕಲ್ಲೆದೆಯನ್ನು ಕಂಡು ಯೇಸುಸ್ವಾಮಿ ಕೋಪಗೊಂಡದ್ದನ್ನು ಮಾರ್ಕನ ಶುಭಸಂದೇಶದ 3ನೇ ಅಧ್ಯಾಯವೇ ಹೇಳುತ್ತದೆ. ಆ ಕೋಪ ಇನ್ನೊಬ್ಬನ ಕೈಗಾಗಿ ಬಂದದ್ದು, ನಮ್ಮದು ಬಹುಪಾಲು ನಮ್ಮ ಮಾತು ನಡೆಯಲಿಲ್ಲವೆಂದು ಬರುವುದು ಎಂದು ವಿವರಿಸಿ, ಕೊಲೆರಿಕ್ ವ್ಯಕ್ತಿಯ ನಿಜವಾದ ಅಪಾಯವೆಂದರೆ ತನ್ನ ಇಚ್ಛೆಯನ್ನೇ ದೇವರ ಚಿತ್ತವೆಂದು ತಿಳಿಯುವುದು ಎಂದರು. ಯೇಸುಸ್ವಾಮಿಯನ್ನು ಬರಮಾಡಿಕೊಳ್ಳದ ಸಮಾರಿಯದ ಹಳ್ಳಿಯ ಮೇಲೆ ಆಕಾಶದಿಂದ ಬೆಂಕಿ ಬೀಳಿಸೋಣವೇ ಎಂದು ಕೇಳಿದ ಶಿಷ್ಯರಾದ ಯಕೋಬ, ಯೊವಾನ್ನರಿಗೂ ತಾವು ದೇವರ ಪರವಾಗಿಯೇ ಮಾತನಾಡುತ್ತಿದ್ದೇವೆ ಎಂಬುದರಲ್ಲಿ ಅನುಮಾನವಿರಲಿಲ್ಲವಲ್ಲ. ಧರ್ಮಕೇಂದ್ರದ ಪಾಲನಾ ಸಮಿತಿಗಳಲ್ಲಿ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾನುವಾರದ ಬೆಳಗಿನ ಅವಧಿಯನ್ನು ಬೇರೊಬ್ಬರು ನಡೆಸಿದರು. ಅಷ್ಟರಲ್ಲಿ ಶಿಬಿರಾರ್ಥಿಗಳು 'ನಾನು ಕೊಲೆರಿಕ್, ಏನು ಮಾಡಲಿ' ಎಂದು ನಗುತ್ತ ಹೇಳಿಕೊಳ್ಳುವ ಮಟ್ಟಕ್ಕೆ ಬಂದಿದ್ದರು. ಅಂದರೆ ಹೆಸರು ಸಿಕ್ಕಿದ ಕೂಡಲೇ ಅದು ನೆಪವಾಗಿತ್ತು. ಅದನ್ನು ತಿದ್ದಬೇಕಾದ ಉಪನ್ಯಾಸಕರು ಕೊಲೆರಿಕ್ ಸ್ವಭಾವದವರೇ ಉತ್ತಮ ನಾಯಕರು ಎಂಬ ಪಟ್ಟಿಯನ್ನು ಪರದೆಯ ಮೇಲೆ ತೋರಿಸಿ ಚಪ್ಪಾಳೆ ತಟ್ಟಿಸಿದರು. ಮೂಲತಃ ಮುಂಗೋಪಿಯಾಗಿದ್ದು, ದೀರ್ಘಕಾಲದ ಸಾಧನೆಯಿಂದ ಸೌಮ್ಯತೆಗೆ ಹೆಸರಾದ ಜಿನೀವಾದ ಬಿಷಪ್ ಸಂತ ಫ್ರಾನ್ಸಿಸ್ ದ ಸೇಲ್ಸ್ (1567-1622) ಅವರ ಪ್ರಸ್ತಾಪ ಒಂದೇ ವಾಕ್ಯದಲ್ಲಿ ಮುಗಿಯಿತು. ಅವರ ಮೇಲೆ ಒಂದಿಡೀ ಅವಧಿ ಇರಬೇಕಿತ್ತು.

ಊಟ ಚೆನ್ನಾಗಿತ್ತು: ಕಡುಬು, ಕೋಳಿಸಾರು, ರಾತ್ರಿ ಗಂಜಿ. ಕೋಣೆಗಳು ಶುಚಿ, ಬಿಸಿನೀರು ಬೆಳಿಗ್ಗೆ ಆರರವರೆಗೆ ಮಾತ್ರ. ಪಾಪನಿವೇದನೆಗೆ ಶನಿವಾರ ಸಂಜೆ ಇಬ್ಬರು ಗುರುಗಳು ಇದ್ದರೂ ಸಾಲು ಉದ್ದವಾಗಿ, ಬಲಿಪೂಜೆ ಮುಕ್ಕಾಲು ಗಂಟೆ ತಡವಾಯಿತು. ಪಿತ್ತಪ್ರಕೃತಿಯವರನ್ನೇ ಕೂಡಿಹಾಕಿ ಮುಕ್ಕಾಲು ಗಂಟೆ ಕಾಯಿಸಿದ್ದು ಉದ್ದೇಶಪೂರ್ವಕವಾಗಿರಲಿಕ್ಕಿಲ್ಲ.

ಸಂಘಟಕರಲ್ಲಿ ಒಂದು ಬೇಡಿಕೆ: ಜನವರಿಯಲ್ಲಿ ತೋಟದವರ ಮನೆಗಳಲ್ಲಿ ಕೊಯ್ಲು, ಸುಲಿತ, ಒಣಗಿಸುವುದು ಇನ್ನೂ ಮುಗಿದಿರುವುದಿಲ್ಲ, ಶಿಬಿರವನ್ನು ತಪಸ್ಸುಕಾಲಕ್ಕೆ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೆ) ಮುಂದೂಡಿದರೆ ಇಂತಹದಕ್ಕೆ ನಿಜವಾಗಿ ಬರಬೇಕಾದವರು ಬರುತ್ತಾರೆ. ಹೋಗುವವರು ಒಬ್ಬರೇ ಹೋಗದೆ, ಮನೆಯಲ್ಲಿ ತಮ್ಮ ಕೂಗನ್ನು ಕೇಳುವವರನ್ನೂ ಕರೆದೊಯ್ಯಲಿ. ಎರಡನೆಯ ಹಾಳೆಯನ್ನು ತುಂಬಲು ಅವರು ಬೇಕು.