ಕನೂ ಲೈಬ್ರರಿ: ಎರಡು ವರ್ಷ ಬಳಸಿದ ಮೇಲೆ

ತರಬೇತಿಗೆ ಬರುವವರ ಹೆಸರು ಬರೆದುಕೊಳ್ಳಲು ಒಂದು ಟೆಲಿಗ್ರಾಂ ಬಾಟ್ (ಚಾಟ್‌ನಲ್ಲಿ ತಾನೇ ಉತ್ತರಿಸುವ ಪ್ರೋಗ್ರಾಂ) ನಡೆಸುತ್ತಿದ್ದೇನೆ. ಹೆಸರು ಕೇಳುತ್ತದೆ, ವಯಸ್ಸು ಕೇಳುತ್ತದೆ, ಯಾವ ದಿನ ಬರುತ್ತೀರಿ ಎಂದು ಕೇಳುತ್ತದೆ. ಇಷ್ಟಕ್ಕೇ ಮೊದಲ ಸಲ ಸಾಕುಸಾಕಾಗಿತ್ತು. ಯಾರು ಎಷ್ಟನೇ ಪ್ರಶ್ನೆಯಲ್ಲಿದ್ದಾರೆ ಎಂದು ಡೇಟಾಬೇಸ್ ಟೇಬಲ್‌ನಲ್ಲಿ ಒಂದು ಸಂಖ್ಯೆ ಇಟ್ಟಿದ್ದೆ. ಮೆಸೇಜ್ ಬಂದಾಗಲೆಲ್ಲ ಅದನ್ನು ತೆಗೆದು ನೋಡಬೇಕಿತ್ತು. ನಡುವೆ ಹೊಸ ಪ್ರಶ್ನೆ ಸೇರಿಸಿದರೆ ಮುಂದಿನ ಸಂಖ್ಯೆಗಳೆಲ್ಲ ಏರುಪೇರು.

ಎರಡು ವರ್ಷದ ಹಿಂದೆ ಇಡೀ ಬಾಟನ್ನು ಕನೂ ಬಳಸಿ ಹೊಸದಾಗಿ ಬರೆದೆ. ಇದು ಸ್ಕಾಲಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಟೆಲಿಗ್ರಾಂ ಬಾಟ್ ಬರೆಯಲು ಇರುವ ಲೈಬ್ರರಿ, ಅಂದರೆ ಸಿದ್ಧ ಕೋಡ್. ಇಲ್ಲಿ ಒಂದು ಮಾತುಕತೆ ಎಂದರೆ ಒಂದು ‘ಸಿನಾರಿಯೊ’. ಎದುರಿನವರ ಮಾತಿಗೆ ಕಾಯುವುದು ‘ಎಕ್ಸ್‌ಪೆಕ್ಟ್’, ನಾವು ಮಾಡುವ ಕೆಲಸ ‘ಇವಾಲ್’. ಇವನ್ನು ಸ್ಕಾಲಾದ ‘ಫಾರ್’ ಎಂಬ ಬ್ಲಾಕ್‌ನಲ್ಲಿ ಒಂದರ ಕೆಳಗೊಂದು ಬರೆಯುತ್ತಾ ಹೋದರಾಯಿತು. ಮಾತು ಹೇಗೆ ಸಾಗುತ್ತದೋ ಕೋಡೂ ಹಾಗೇ ಇರುತ್ತದೆ! ಹಂತದ ಸಂಖ್ಯೆಯ ಗೊಡವೆಯೇ ಇಲ್ಲ. ಹತ್ತು ಜನ ತಮ್ಮ ತಮ್ಮ ಚಾಟ್‌ನಲ್ಲಿ ಒಟ್ಟಿಗೆ ಬರೆದರೂ ಒಬ್ಬರ ಉತ್ತರ ಇನ್ನೊಬ್ಬರಿಗೆ ಸೇರುವುದಿಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ತುಣುಕುಗಳನ್ನು ಜೋಡಿಸುವ ರೀತಿ. ವಯಸ್ಸು ಕೇಳುವುದೇ ಒಂದು ಪುಟ್ಟ ಸಿನಾರಿಯೊ. ಸಂಖ್ಯೆ ಬಿಟ್ಟು ಬೇರೇನೋ ಬರೆದರೆ ತನ್ನನ್ನೇ ಮತ್ತೆ ಕರೆದುಕೊಂಡು ಇನ್ನೊಮ್ಮೆ ಕೇಳುತ್ತದೆ. ಅದೇ ತುಣುಕನ್ನು ಮೂರು ಕಡೆ ಬಳಸಿದ್ದೇನೆ, ಒಂದು ಅಕ್ಷರವೂ ಬದಲಾಗಿಲ್ಲ.

ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ. ನಡೆಯುತ್ತಿರುವ ಮಾತುಕತೆ ಇರುವುದು ಮೆಮೊರಿಯಲ್ಲಿ, ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತದೆ. ಒಂದು ಸಂಜೆ ಹೊಸ ಕೋಡ್ ಹಾಕಿ ಸರ್ವರ್ ರೀಸ್ಟಾರ್ಟ್ ಮಾಡಿದೆ. ಅರ್ಧಕ್ಕೆ ನಿಂತವರೊಬ್ಬರು ‘32’ ಎಂದು ವಯಸ್ಸು ಬರೆದರು. ಬಾಟ್ ಸುಮ್ನೆ ಕೂತಿತು. ಮೆಸೇಜೇನೋ ತಲುಪಿತ್ತು, ಬಾಟ್ ಇನ್ನೂ ಪಡೆಯದ ಮೆಸೇಜ್‌ಗಳನ್ನು ಟೆಲಿಗ್ರಾಂ 24 ಗಂಟೆಯವರೆಗೆ ಇಟ್ಟುಕೊಳ್ಳುತ್ತದೆ. ಆದರೆ ಆ ‘32’ಕ್ಕೆ ಕಾಯುತ್ತಿದ್ದ ಸಿನಾರಿಯೊ ಇರಲೇ ಇಲ್ಲ. ಪಾಪ, ಅವರು ಮೂರು ಸಲ ಬರೆದಿದ್ದರು. ಈಗ ಪ್ರತಿ ಉತ್ತರವನ್ನೂ ಡೇಟಾಬೇಸ್‌ಗೆ ಹಾಕುತ್ತೇನೆ. ಯಾವ ಸಿನಾರಿಯೊಗೂ ಸೇರದ ಮೆಸೇಜ್ ಬಂದರೆ ‘ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸೋಣವೇ?’ ಎಂದು ಬಾಟೇ ಕೇಳುತ್ತದೆ.

ಮೆಸೇಜ್ ಕೆಳಗೇ ಬರುವ (ಇನ್‌ಲೈನ್) ಬಟನ್ ಒತ್ತಿದ್ದನ್ನು ‘ಎಕ್ಸ್‌ಪೆಕ್ಟ್’ ಮಾಡಲು ಬರುವುದಿಲ್ಲ, ಅದಕ್ಕೆ ಬೇರೆ ದಾರಿ ಹಿಡಿಯಬೇಕು. ನಾನು ಬಟನ್ ಕಡಿಮೆ ಮಾಡಿಕೊಂಡೆ.

ಸ್ಕಾಲಾ ಗೊತ್ತಿಲ್ಲದವರಿಗೆ ಶುರುವಿನಲ್ಲಿ ಕಷ್ಟವೇ. ಕನೂ ಒಳಗೆ ಕ್ಯಾಟ್ಸ್ ಎಫೆಕ್ಟ್ ಮತ್ತು ಎಫ್‌ಎಸ್2 ಎಂಬ ಇನ್ನೆರಡು ಸ್ಕಾಲಾ ಲೈಬ್ರರಿಗಳಿವೆ. ಕೋಡ್ ಪರೀಕ್ಷಿಸುವ ಕಂಪೈಲರ್ ಕೊಡುವ ಟೈಪ್ ಎರರ್ (ಡೇಟಾದ ಬಗೆ ಹೊಂದದಿದ್ದರೆ ಬರುವ ದೋಷ) ಓದಲು ನನಗೇ ಒಂದು ತಿಂಗಳು ಹಿಡಿಯಿತು. ಒಂದು ಕಮಾಂಡ್‌ಗೆ ಒಂದು ಉತ್ತರ ಕೊಡುವ ಬಾಟ್ ಆದರೆ ಇಷ್ಟೆಲ್ಲ ಕಲಿಯುವುದು ಬೇಡ. ನಾಲ್ಕೈದು ಪ್ರಶ್ನೆ ಕೇಳಿ, ತಪ್ಪಿದರೆ ಮತ್ತೆ ಕೇಳುವಂಥದ್ದು ಬೇಕಿದ್ದರೆ ಖಂಡಿತ ಪ್ರಯತ್ನಿಸಿ. ಮೊದಲ ದಿನವೇ ರೀಸ್ಟಾರ್ಟ್ ಮಾಡಿ ನೋಡುವುದನ್ನು ಮರೆಯಬೇಡಿ.