ಒಳಗನ್ನಡಿಯ ಪಕ್ಕಕ್ಕೆ ಏರಿಸಿದ ಮೇಲೆ: ರಾಡಾರ್ ಡಿಟೆಕ್ಟರ್ ಜೊತೆ ಹದಿನಾಲ್ಕು ತಿಂಗಳು

ರಾಡಾರ್ ಡಿಟೆಕ್ಟರ್ ಅಂದರೆ ವೇಗ ಅಳೆಯುವ ರಾಡಾರ್ ಮುಂದೆಲ್ಲೋ ಇದ್ದರೆ ಅದರ ಅಲೆ ಹಿಡಿದು, ಕೂಗಿ ಎಚ್ಚರಿಸುವ ಸಣ್ಣ ಯಂತ್ರ. ಅದೇ ಡಿಟೆಕ್ಟರ್, ಅದೇ ಕಾರು, ಅದೇ ರಸ್ತೆ. ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಹೋದಾಗ ವೇಗ ತೋರಿಸುವ ಬೋರ್ಡ್ ಇನ್ನೂ ಎಂಟು ದೀಪದ ಕಂಬ ದೂರ ಇರುವಾಗ ಕೂಗಿತು. ಅದನ್ನೇ ಎತ್ತಿ ಒಳಗನ್ನಡಿಯ ಪಕ್ಕಕ್ಕೆ ಹಾಕಿದಾಗ ಹತ್ತೊಂಬತ್ತು ಕಂಬ ದೂರದಲ್ಲೇ ಕೂಗಿತು. ಕಂಬ ಎಣಿಸಿದ್ದು ಪಕ್ಕದ ಸೀಟಿನಲ್ಲಿ ಕೂತಿದ್ದ ನನ್ನ ಹೆಂಡತಿ. ‘ನಿಮ್ಮ ವೇಗ ಇಷ್ಟು’ ಅಂತ ದೊಡ್ಡ ಅಂಕಿಯಲ್ಲಿ ತೋರಿಸುವ ಬೋರ್ಡ್ ರಸ್ತೆ ಬದಿಯಲ್ಲಿ ಇರುತ್ತದಲ್ಲ, ಅದರ ಒಳಗೆ ಸಾಮಾನ್ಯವಾಗಿ 24 ಗಿಗಾಹರ್ಟ್ಸ್‌ನ ಸಣ್ಣ ರಾಡಾರ್ ಇರುತ್ತದೆ. ಜಾಗ ಬದಲಾಗದು, ದಿಕ್ಕು ಬದಲಾಗದು. ಮೂರು ಭಾನುವಾರ ಬೆಳಗ್ಗೆ, ರಸ್ತೆ ಖಾಲಿ ಇರುವ ಹೊತ್ತಿಗೆ ಹೋಗಿ, ಒಂದೇ ವೇಗದಲ್ಲಿ ಓಡಿಸಿ ಅಳೆದ ಲೆಕ್ಕ ಇದು. ಹಾಗಾಗಿ ಈ ವಿಮರ್ಶೆಯಲ್ಲಿ ಯಂತ್ರಕ್ಕಿಂತ ಅದನ್ನು ಕೂರಿಸಿದ ಬಗೆಗೇ ಹೆಚ್ಚು ಜಾಗ ಕೊಡುತ್ತೇನೆ.

ನನ್ನ ಕೆಲಸ ಟವರ್ ಹತ್ತಿ ಮೈಕ್ರೋವೇವ್ ಲಿಂಕ್ ಆಂಟೆನಾ ಕೂರಿಸುವುದು, ಎದುರಿನ ಟವರ್‌ಗೆ ಸರಿಯಾಗಿ ದಿಕ್ಕು ಹೊಂದಿಸುವುದು. ತಿಂಗಳಿಗೆ ಮೂರು ಸಾವಿರ ಕಿಲೋಮೀಟರ್‌ಗೆ ಕಮ್ಮಿ ಇಲ್ಲದಂತೆ ಕಾರು ಓಡಿಸುತ್ತೇನೆ, ಅದರಲ್ಲಿ ಮುಕ್ಕಾಲು ಪಾಲು ನನಗೆ ಪರಿಚಯ ಇಲ್ಲದ ಹೆದ್ದಾರಿಗಳಲ್ಲಿ. ನೂರರ ಮಿತಿ ಇದ್ದ ರಸ್ತೆ ಒಂದು ತಿರುವು ದಾಟಿದ ತಕ್ಷಣ ಅರವತ್ತಕ್ಕೆ ಇಳಿದಿರುತ್ತದೆ, ಬೋರ್ಡ್ ಮರದ ಕೊಂಬೆಯ ಹಿಂದೆ ಮುಚ್ಚಿಹೋಗಿರುತ್ತದೆ. ಅಂಥ ಕಡೆ ‘ಒಮ್ಮೆ ಸ್ಪೀಡೋಮೀಟರ್ ನೋಡು’ ಅಂತ ಎಚ್ಚರಿಸುವ ಒಂದು ದನಿ ಬೇಕಿತ್ತು. ಕಾಲು ಒತ್ತಿ ಹಿಡಿದು ಓಡಿಸುವ ಆಸೆಯಿಂದ ಇದನ್ನು ಕೊಳ್ಳುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ನನ್ನದು ಮುಂದೊಂದು, ಹಿಂದೊಂದು ಆಂಟೆನಾ ಇದ್ದು, ಸಿಗ್ನಲ್ ಯಾವ ಕಡೆಯಿಂದ ಬರುತ್ತಿದೆ ಅನ್ನುವುದನ್ನು ಬಾಣದ ಗುರುತಿನಲ್ಲಿ ತೋರಿಸುವ ಮಾದರಿ. 1992ರಲ್ಲಿ ಬಂದ ವ್ಯಾಲೆಂಟೈನ್ ಒನ್ ಅನ್ನುವ ಡಿಟೆಕ್ಟರ್ ಈ ಬಾಣಗಳಿಂದಲೇ ಹೆಸರು ಮಾಡಿತು. ಈಗ ಎಸ್ಕಾರ್ಟ್, ಯೂನಿಡೆನ್ ಕಂಪನಿಗಳೂ ಬಾಣ ಇರುವ ಮಾದರಿ ಮಾಡುತ್ತವೆ. ಬಾಣ ಇಲ್ಲದ್ದನ್ನು ಮೊದಲು ಎರಡು ವರ್ಷ ಬಳಸಿದ್ದೆ. ಅದು ಕೂಗಿದಾಗಲೆಲ್ಲ ಕಣ್ಣು ರಸ್ತೆಯ ಎರಡೂ ಬದಿ ಹುಡುಕುತ್ತಿತ್ತು. ಬಾಣ ಇದ್ದರೆ ಆ ಹುಡುಕಾಟವೇ ಇಲ್ಲ. ಮುಂದಿನ ಬಾಣ ಪಕ್ಕದ ಬಾಣವಾಗಿ, ಆಮೇಲೆ ಹಿಂದಿನ ಬಾಣವಾಗಿ ತಿರುಗಿದರೆ ಆ ರಾಡಾರ್ ದಾಟಿ ಬಂದೆವು ಅಂತ ಅರ್ಥ. ಇದೊಂದು ಸೌಲಭ್ಯಕ್ಕಾಗಿ ನಾನು ಇನ್ನು ಹಳೆಯ ಬಗೆಯದಕ್ಕೆ ಮರಳುವುದಿಲ್ಲ.

ಡಿಟೆಕ್ಟರ್‌ಗೆ ರಾಡಾರ್ ಮುಂಚೆಯೇ ಹೇಗೆ ಗೊತ್ತಾಗುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಪೊಲೀಸರು ವೇಗ ಅಳೆಯಲು ಹಿಡಿಯುವ ರಾಡಾರ್ ಗನ್ನು ಬಿಟ್ಟ ಅಲೆ ನಮ್ಮ ಕಾರಿಗೆ ಬಡಿದು ವಾಪಸ್ ಹೋಗಬೇಕು. ನಮ್ಮ ವೇಗಕ್ಕೆ ತಕ್ಕಂತೆ ಅದರ ಆವರ್ತನ ಸ್ವಲ್ಪ ಬದಲಾಗಿರುತ್ತದೆ. 24.15 ಗಿಗಾಹರ್ಟ್ಸ್‌ನ ಗನ್ನಿಗೆ ಎದುರಾಗಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುವ ಕಾರಿನಿಂದ ಈ ವ್ಯತ್ಯಾಸ ಹೆಚ್ಚುಕಮ್ಮಿ 4,470 ಹರ್ಟ್ಸ್. ಗನ್ನು ಅಳೆಯುವುದು ಇಷ್ಟನ್ನೇ. ಆದರೆ ಅಲೆಗೆ ಹೋಗಿ ಬರುವ ಎರಡು ಪಯಣ, ಡಿಟೆಕ್ಟರ್‌ಗೆ ತಲುಪಲು ಒಂದೇ ಪಯಣ. ದೂರ ಎರಡು ಪಟ್ಟಾದರೆ ನಮಗೆ ಬರುವ ಶಕ್ತಿ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ಗನ್ನಿಗೆ ವಾಪಸಾಗುವ ಶಕ್ತಿ ಹದಿನಾರನೇ ಒಂದು ಪಾಲಿಗೆ ಕುಸಿಯುತ್ತದೆ. ನಮಗೆ ಸಿಗುವ ಮುನ್ಸೂಚನೆಯೆಲ್ಲ ಈ ಅಂತರದಿಂದ ಬಂದದ್ದು. ಆಂಟೆನಾ ಎದುರು ವೈಪರ್ ಕಡ್ಡಿಯೋ ಬಾನೆಟ್ಟಿನ ಉಬ್ಬೋ ಅಡ್ಡ ನಿಂತರೆ ಆ ಅಂತರವನ್ನು ನಾವೇ ಕೈಯಾರೆ ಕಳೆದುಕೊಂಡಂತೆ.

ಡ್ಯಾಶ್‌ಬೋರ್ಡ್ ಮೇಲೆ ನನ್ನ ಡಿಟೆಕ್ಟರ್‌ಗೆ ಆಗಿದ್ದು ಇದೇ. ಬಗ್ಗಿ ಅದರ ಎತ್ತರಕ್ಕೆ ಕಣ್ಣು ಇಟ್ಟು ನೋಡಿದೆ. ಮುಂದೆ ಅರ್ಧ ವೈಪರ್ ಕಾಣುತ್ತಿತ್ತು, ಹಿಂದೆ ಸೀಟಿನ ಬೆನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹಿಂದಿನ ಆಂಟೆನಾ ಇದ್ದೂ ಇಲ್ಲದ ಹಾಗೆ. ಟವರ್ ಮೇಲೂ ನಾವು ಮೊದಲು ಮಾಡುವುದು ಇದನ್ನೇ, ಆಂಟೆನಾ ಬಾಯಿಗೆ ಕಣ್ಣಿಟ್ಟು ಏನು ಕಾಣುತ್ತದೆ ಅಂತ ನೋಡುವುದು. ಕಾರಿನಲ್ಲೂ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಅದರ ಜೊತೆಗೆ ಡಿಟೆಕ್ಟರ್ ನೆಲಕ್ಕೆ ಸಮಾನಾಂತರವಾಗಿ ಇರಬೇಕು. ಮೂತಿ ಆಕಾಶ ನೋಡುವ ಹಾಗೆ ವಾಲಿಸಿ ಕಟ್ಟಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಎರಡನೇ ಪ್ರಯತ್ನ ಡಬ್ಬಿಯ ಜೊತೆ ಬಂದಿದ್ದ ಸಕ್ಷನ್ ಕಪ್. ಎತ್ತರ ಸಿಕ್ಕಿತು, ಹದಿನೇಳು ಕಂಬವೂ ಸಿಕ್ಕಿತು. ಆದರೆ ಬೇಸಿಗೆಯ ಒಂದು ಮಧ್ಯಾಹ್ನ ಹೆದ್ದಾರಿಯ ಮಧ್ಯೆ ಬಲಗಡೆಯ ಕಪ್ ‘ಪುಳಕ್’ ಅಂದು ಬಿಟ್ಟುಕೊಂಡಿತು. ಡಿಟೆಕ್ಟರ್ ಒಂದೇ ಕಪ್ಪಿನಲ್ಲಿ ಜೋತಾಡಿ, ವೈರಿನ ಸಮೇತ ಗೇರ್ ಲಿವರ್ ಪಕ್ಕಕ್ಕೆ ಬಿತ್ತು. ಅದು ಪೆಡಲ್ ಕೆಳಗೆ ಉರುಳಿದ್ದರೆ ಬ್ರೇಕ್ ಒತ್ತುವುದಕ್ಕೇ ಆಗುತ್ತಿರಲಿಲ್ಲ. ಆ ಸಂಜೆ ಕಪ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ. ಅಂಚಿನಲ್ಲಿ ಉಗುರಿನಷ್ಟು ಉದ್ದದ ಸುಕ್ಕು, ಗಾಜಿನ ಮೇಲೆ ಡ್ಯಾಶ್‌ಬೋರ್ಡ್ ಪಾಲಿಶ್‌ನಿಂದ ಎದ್ದ ತೆಳ್ಳಗಿನ ಜಿಡ್ಡು. ಗಾಜನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದೆ, ಕಪ್‌ಗಳನ್ನು ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಆಕಾರ ಮರಳಿದ ಮೇಲೆ ಚೂರು ತೇವ ಮಾಡಿ ಒತ್ತಿದೆ. ಆಮೇಲೆ ಎರಡು ತಿಂಗಳು ಅಲ್ಲಾಡಲಿಲ್ಲ. ಆದರೂ ನನ್ನ ಮನಸ್ಸಿಗೆ ಅದರ ಮೇಲೆ ಭರವಸೆ ಹುಟ್ಟಲೇ ಇಲ್ಲ.

ಈಗ ಇರುವುದು ಕನ್ನಡಿಯ ದಂಟಿಗೆ ಕ್ಲಾಂಪ್ ಹಾಕಿ ಬಿಗಿಯುವ ಅಲ್ಯೂಮಿನಿಯಂ ಬ್ರಾಕೆಟ್. ಎರಡು ಅಲೆನ್ ಸ್ಕ್ರೂ, ದಂಟಿನ ದಪ್ಪಕ್ಕೆ ಹೊಂದುವ ರಬ್ಬರ್ ಪಟ್ಟಿ, ಅಷ್ಟೇ. ಕೊಳ್ಳುವ ಮುಂಚೆ ದಂಟಿನ ಅಳತೆಯನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ತೆಗೆದುಕೊಳ್ಳಿ. ನಾನು ಕಣ್ಣಳತೆಯಲ್ಲಿ ತರಿಸಿದ ಮೊದಲನೆಯದು ಸಡಿಲವಾಗಿ ವಾಪಸ್ ಹೋಯಿತು. ಬಿಗಿ ಮಾಡುವಾಗ ಕನ್ನಡಿ ಗಾಜಿಗೆ ಅಂಟಿದ ಜಾಗದ ಮೇಲೆ ಭಾರ ಹಾಕಬೇಡಿ, ಒಂದು ಕೈಯಲ್ಲಿ ಕನ್ನಡಿ ಹಿಡಿದುಕೊಂಡೇ ತಿರುಗಿಸಿ. ಕೂತ ಮೇಲೆ ಡಿಟೆಕ್ಟರ್ ಕನ್ನಡಿಯ ಕೆಳ ಅಂಚಿನ ಪಕ್ಕದಲ್ಲಿ ನಿಲ್ಲುತ್ತದೆ. ಮುಂದೆ ಇಡೀ ರಸ್ತೆ ಕಾಣುತ್ತದೆ, ಹಿಂದೆ ಎರಡು ಸೀಟುಗಳ ನಡುವಿನಿಂದ ಹಿಂಗಾಜು ಪೂರ್ತಿ ಕಾಣುತ್ತದೆ. ಚಾಲಕನ ನೋಟಕ್ಕೆ ಅಡ್ಡ ಇಲ್ಲ, ಏರ್‌ಬ್ಯಾಗ್ ಉಬ್ಬುವ ದಾರಿಯಲ್ಲೂ ಇಲ್ಲ. ಗುಂಡಿ ಬಿದ್ದ ರಸ್ತೆಯಲ್ಲೂ ನಡುಗುವುದಿಲ್ಲ. ಬ್ರಾಕೆಟ್‌ಗೆ ನಾನು ಐದಕ್ಕೆ ಐದು ಕೊಡುತ್ತೇನೆ.

ಗಾಜಿನ ಬಗ್ಗೆ ಒಂದು ಮಾತು. ಬಿಸಿಲು ತಡೆಯಲು ಲೋಹದ ತೆಳು ಪದರ ಕೊಟ್ಟ ವಿಂಡ್‌ಶೀಲ್ಡ್ ಇದ್ದರೆ ಈ ಆವರ್ತನದ ಅಲೆ ಒಳಗೆ ಬರುವುದೇ ಕಷ್ಟ. ಗೆಳೆಯನ ಕಾರಿಗೆ ನನ್ನದನ್ನೇ ಒಯ್ದು ಅದೇ ರಸ್ತೆಯಲ್ಲಿ ನೋಡಿದಾಗ ಮೂರು ಕಂಬಕ್ಕೆ ಕೂಗಿತು! ಅಂಥ ಗಾಜುಗಳಲ್ಲಿ ಟೋಲ್ ಟ್ಯಾಗ್‌ಗಾಗಿ ಕನ್ನಡಿಯ ಸುತ್ತಮುತ್ತ ಪದರ ಇಲ್ಲದ ಚೂರು ಜಾಗ ಬಿಟ್ಟಿರುವುದುಂಟು. ಕಾರಿನ ಕೈಪಿಡಿಯಲ್ಲಿ ಹುಡುಕಿ ಆ ಜಾಗಕ್ಕೆ ಹೊಂದಿಸಿದ ಮೇಲೆ ಹನ್ನೆರಡಕ್ಕೆ ಏರಿತು.

ವೈರಿಂಗ್‌ಗೆ ಒಂದು ಇಡೀ ಮಧ್ಯಾಹ್ನ ಕೊಟ್ಟೆ. ಸಿಗರೇಟ್ ಲೈಟರ್ ಸಾಕೆಟ್‌ನಿಂದ ಸುರುಳಿ ವೈರ್ ಎಳೆದರೆ ಅದು ಸ್ಟೀರಿಂಗ್ ಪಕ್ಕ ಜೋತು ಬೀಳುತ್ತದೆ, ಮೊಣಕೈಗೆ ಸಿಕ್ಕುತ್ತದೆ. ಫ್ಯೂಸ್ ಬಾಕ್ಸ್‌ನಿಂದ ತೆಗೆಯುವುದೇ ಸರಿ. ಮಲ್ಟಿಮೀಟರ್ ಹಿಡಿದು, ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುವ ಫ್ಯೂಸ್ ಹುಡುಕಿದೆ. ಏರ್‌ಬ್ಯಾಗ್, ಎಬಿಎಸ್ ಫ್ಯೂಸ್‌ಗಳ ತಂಟೆಗೆ ಯಾವ ಕಾರಣಕ್ಕೂ ಹೋಗಬಾರದು. ನಾನು ಆರಿಸಿದ್ದು ಹಿಂದಿನ ವೈಪರ್‌ನದು. ಅಲ್ಲಿ ಫ್ಯೂಸ್ ಟ್ಯಾಪ್ (ಫ್ಯೂಸ್ ಜಾಗದಿಂದ ಇನ್ನೊಂದು ವೈರು ತೆಗೆಯುವ ಕೊಂಡಿ) ಹಾಕಿ, ಡಿಟೆಕ್ಟರ್‌ಗೆ ಬೇರೆಯೇ 2 ಆಂಪಿಯರ್ ಫ್ಯೂಸ್ ಕೊಟ್ಟು, ನೆಗೆಟಿವ್ ವೈರನ್ನು ಬಾಡಿಯ ಬೋಲ್ಟಿಗೆ ಬಣ್ಣ ಕೆರೆದು ಬಿಗಿದೆ. ಅಲ್ಲಿಂದ ವೈರು ಎ ಪಿಲ್ಲರ್, ಅಂದರೆ ಮುಂಗಾಜಿನ ಪಕ್ಕದ ಕಂಬದ ಮೇಲೆ ಹತ್ತಿ, ಛಾವಣಿ ಬಟ್ಟೆಯ ಅಂಚಿನೊಳಗೆ ಸರಿದು ಕನ್ನಡಿಗೆ ಇಳಿಯಬೇಕು. ಈ ಪಿಲ್ಲರ್‌ನಲ್ಲೇ ಎಲ್ಲರೂ ಎಡವುವುದು. ಬಹಳ ಕಾರುಗಳಲ್ಲಿ ಅದರೊಳಗೆ ಕರ್ಟನ್ ಏರ್‌ಬ್ಯಾಗ್ ಮಡಚಿಟ್ಟಿರುತ್ತಾರೆ. ವೈರು ಅದರ ಹಿಂದೆ ಹೋಗಬೇಕು, ಮುಂದೆ ಹೋದರೆ ಬ್ಯಾಗ್ ಬಿಚ್ಚಿಕೊಳ್ಳುವಾಗ ವೈರು ಅಡ್ಡಬಂದು ಹಾನಿ ಮಾಡಬಹುದು. ಪಿಲ್ಲರ್ ಮುಚ್ಚಳ ತೆಗೆಯದೆ, ಸಂದಿಯಲ್ಲಿ ವೈರು ತುರುಕಿ ಮುಗಿಸಿಕೊಡುತ್ತೇನೆ ಅಂದ ಒಬ್ಬ ಮೆಕ್ಯಾನಿಕ್‌ಗೆ ನಾನು ಕೈಮುಗಿದು ಕಾರು ವಾಪಸ್ ತಂದೆ. ಕೈ ನಡುಗುವವರು ಅನುಭವ ಇರುವ ಆಟೋ ಎಲೆಕ್ಟ್ರಿಷಿಯನ್‌ಗೆ ಕೊಡಿ, ಆದರೆ ಪಕ್ಕದಲ್ಲಿ ನಿಂತು ನೋಡಿ.

ಇನ್ನು ದಿನನಿತ್ಯದ ಬಳಕೆ. ಮೊದಲ ವಾರ ನನ್ನ ಹೆಂಡತಿ, “ರೀ, ಇದು ಸುಮ್ಸುಮ್ನೆ ಕೂಗ್ತಿದ್ಯಾ, ಇಲ್ಲಾ ನಿಜವಾಗ್ಲೂ ಏನಾದ್ರೂ ಇದ್ಯಾ?” ಅಂತ ಪ್ರತಿ ಐದು ನಿಮಿಷಕ್ಕೆ ಕೇಳುತ್ತಿದ್ದಳು. ಕೇಳಿದ್ದು ನ್ಯಾಯವೇ. ಕೆ ಬ್ಯಾಂಡ್, ಅಂದರೆ 24 ಗಿಗಾಹರ್ಟ್ಸ್ ಆಸುಪಾಸು, ಪೊಲೀಸರಿಗೆ ಮಾತ್ರ ಮೀಸಲಾಗಿಲ್ಲ. ದೊಡ್ಡ ಅಂಗಡಿಗಳ ತಾನಾಗಿ ತೆರೆಯುವ ಬಾಗಿಲು, ಪಕ್ಕದ ಕಾರುಗಳ ಬ್ಲೈಂಡ್ ಸ್ಪಾಟ್ ಸೆನ್ಸರ್ (ಚಾಲಕನ ಕಣ್ಣಿಗೆ ಬೀಳದ ಬದಿಯನ್ನು ಗಮನಿಸುವ ರಾಡಾರ್) ಎಲ್ಲ ಅದೇ ಆವರ್ತನದಲ್ಲಿ ಅಲೆ ಬಿಡುತ್ತಿರುತ್ತವೆ. ಅಂಥ ಒಂದು ಕಾರು ಪಕ್ಕದ ಲೇನಿನಲ್ಲಿ ಹತ್ತು ಕಿಲೋಮೀಟರ್ ಜೊತೆ ಬಂದರೆ ಹತ್ತೂ ಕಿಲೋಮೀಟರ್ ಹಿಂದಿನ ಬಾಣ ಮಿನುಗುತ್ತಲೇ ಇರುತ್ತದೆ. ಹೊಸ ಕಾರುಗಳ 76–77 ಗಿಗಾಹರ್ಟ್ಸ್ ರಾಡಾರ್‌ನಿಂದ ಈ ತೊಂದರೆ ಇಲ್ಲ, ಆದರೆ ಹಳೆಯವು ರಸ್ತೆಯಲ್ಲಿ ಇನ್ನೂ ಧಾರಾಳವಾಗಿವೆ. ನನ್ನ ಡಿಟೆಕ್ಟರ್‌ನ ದೊಡ್ಡ ದೋಷ ಇಲ್ಲೇ. ಇವನ್ನು ಸೋಸುವ ಫಿಲ್ಟರ್ ಇದೆ, ಹಾಕಿದರೆ ಸದ್ದು ಅರ್ಧಕ್ಕೆ ಇಳಿಯುತ್ತದೆ, ಆದರೆ ಬೋರ್ಡಿನ ನಿಜವಾದ ಸಿಗ್ನಲ್ ಕೂಡ ಎರಡು ಕಂಬ ತಡವಾಗಿ ಬರುತ್ತದೆ. ನಾನು ಊರೊಳಗೆ ಹಾಕುತ್ತೇನೆ, ಹೆದ್ದಾರಿಯಲ್ಲಿ ತೆಗೆಯುತ್ತೇನೆ. ಜಿಪಿಎಸ್‌ನಿಂದ ಬಾಗಿಲುಗಳ ಜಾಗ ನೆನಪಿಟ್ಟು ಸುಮ್ಮನಾಗುವ ಸೌಲಭ್ಯ ಮಾತ್ರ ನಿಜಕ್ಕೂ ಕೆಲಸ ಮಾಡಿದೆ.

ಕೆಎ ಬ್ಯಾಂಡ್, 33.4ರಿಂದ 36 ಗಿಗಾಹರ್ಟ್ಸ್‌ವರೆಗೆ, ಬೇರೆ ಮಾತು. ಅಲ್ಲಿ ಬೇರೆ ಬಳಕೆ ಬಹಳ ಕಮ್ಮಿ. ಪೊಲೀಸ್ ಗನ್ನುಗಳು ಹೆಚ್ಚಾಗಿ ಬಳಸುವ 33.8, 34.7, 35.5 ಈ ಮೂರರ ಆಸುಪಾಸಿನ ಅಂಕಿ ತೆರೆಯ ಮೇಲೆ ಬಂದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಆವರ್ತನವನ್ನು ಅಂಕಿಯಲ್ಲಿ ತೋರಿಸದ ಡಿಟೆಕ್ಟರ್ ಕೊಳ್ಳಬೇಡಿ ಅಂತ ಇದಕ್ಕೇ ಹೇಳುವುದು.

ವೇಗವಾಗಿ ಓಡಿಸುವ ಆಸೆಯಿಂದ ಇದನ್ನು ಕೊಳ್ಳಬೇಡಿ ಅಂದೆನಲ್ಲ, ಈಗ ಅದರ ಕಾರಣಕ್ಕೆ ಬರುತ್ತೇನೆ. ಪೊಲೀಸರು ಗನ್ನನ್ನು ಆಫ್ ಇಟ್ಟುಕೊಂಡು, ಕಾರು ಹತ್ತಿರ ಬಂದಾಗ ಮಾತ್ರ ಒಂದು ಕ್ಷಣ ಒತ್ತುವ ಪದ್ಧತಿ ಇದೆ. ಮುಂದೆ ಬೇರೆ ಕಾರಿಗೆ ಒತ್ತಿದ್ದರೆ ಅದರ ಚೂರು ನಮಗೆ ಕೇಳಿಸೀತು. ರಸ್ತೆಯಲ್ಲಿ ನಾವೊಬ್ಬರೇ ಇದ್ದರೆ, ಕೂಗುವ ಹೊತ್ತಿಗೆ ನಮ್ಮ ವೇಗ ಅವರ ತೆರೆಯ ಮೇಲಿರುತ್ತದೆ. ಲೇಸರ್ ಗನ್ನು ಇನ್ನೂ ನಿಖರ. ಸುಮಾರು 905 ನ್ಯಾನೋಮೀಟರ್‌ನ ಅದರ ಕಿರಣ 300 ಮೀಟರ್ ದೂರದಲ್ಲೂ ಮೀಟರಿನಷ್ಟೇ ಅಗಲ, ನಂಬರ್ ಪ್ಲೇಟಿಗೆ ಗುರಿ ಇಟ್ಟು ಅರ್ಧ ಸೆಕೆಂಡಿನಲ್ಲಿ ಅಳೆದು ಮುಗಿಸುತ್ತದೆ. ಎರಡು ಕ್ಯಾಮೆರಾಗಳ ನಡುವೆ ಸರಾಸರಿ ವೇಗ ಲೆಕ್ಕ ಹಾಕುವ ವ್ಯವಸ್ಥೆ ನಂಬರ್ ಪ್ಲೇಟ್ ಓದಿ ಕೆಲಸ ಮಾಡುವುದರಿಂದ ಡಿಟೆಕ್ಟರ್‌ಗೆ ಹಿಡಿಯಲು ಅಲ್ಲಿ ಅಲೆಯೇ ಇಲ್ಲ. ಡಿಟೆಕ್ಟರ್ ಸುಮ್ಮನಿದೆ ಅಂದರೆ ಮುಂದೆ ಏನೂ ಇಲ್ಲ ಅಂತ ತಿಳಿದು ಓಡಿಸುವವರ ಪಕ್ಕ ನಾನು ಕೂರುವುದಿಲ್ಲ.

ಕಾನೂನನ್ನು ಗಡಿ ದಾಟುವ ಮುಂಚೆ ಪ್ರತಿ ಸಲ ನೋಡಿಕೊಳ್ಳಿ. ಅಮೆರಿಕದಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಸ್ವಂತ ಕಾರಿಗೆ ಅಡ್ಡಿ ಇಲ್ಲ, ವರ್ಜೀನಿಯಾ ಮತ್ತು ವಾಷಿಂಗ್ಟನ್ ಡಿ.ಸಿ.ಯಲ್ಲಿ ನಿಷೇಧ. 10,000 ಪೌಂಡ್ ತೂಕ ಮೀರಿದ ವಾಣಿಜ್ಯ ವಾಹನಗಳಿಗೆ ದೇಶದುದ್ದಕ್ಕೂ ನಿಷೇಧ ಇದೆ. ಕ್ಯಾಲಿಫೋರ್ನಿಯಾ, ಮಿನ್ನೆಸೋಟಾಗಳಲ್ಲಿ ಇಟ್ಟುಕೊಳ್ಳಬಹುದು, ಆದರೆ ವಿಂಡ್‌ಶೀಲ್ಡ್ ಮೇಲೆ ನೋಟಕ್ಕೆ ಅಡ್ಡ ಬರುವಂತೆ ಅಂಟಿಸುವಂತಿಲ್ಲ. ಫ್ರಾನ್ಸ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಕಾರಿನಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಬಚ್ಚಿಟ್ಟುಕೊಂಡರಾಯಿತು ಅಂದುಕೊಳ್ಳಬೇಡಿ. ಡಿಟೆಕ್ಟರ್‌ನೊಳಗಿನ ಆಸಿಲೇಟರ್ (ಅಲೆ ಹುಟ್ಟಿಸುವ ಭಾಗ) ತಾನೂ ಚೂರು ಅಲೆ ಸೋರಿಸುತ್ತದೆ, ಅದನ್ನು ದೂರದಿಂದ ಹಿಡಿಯುವ ಯಂತ್ರ ಪೊಲೀಸರ ಬಳಿ ಇರುತ್ತದೆ. ನಿಷೇಧ ಇರುವ ಕಡೆ ಹೋಗುವುದಿದ್ದರೆ ನಾನು ಡಿಟೆಕ್ಟರ್ ಬಿಚ್ಚಿ ಮನೆಯಲ್ಲೇ ಬಿಟ್ಟು ಹೋಗುತ್ತೇನೆ.

ಸಣ್ಣ ದೂರುಗಳು ಎರಡಿವೆ. ಮ್ಯೂಟ್ ಬಟನ್ ಮತ್ತು ವಾಲ್ಯೂಮ್ ಬಟನ್ ಒಂದೇ ಆಕಾರ, ಪಕ್ಕಪಕ್ಕ. ಕತ್ತಲಲ್ಲಿ ಬೆರಳಿಗೆ ವ್ಯತ್ಯಾಸ ತಿಳಿಯದು, ಮ್ಯೂಟ್ ಮೇಲೆ ಒಂದು ಹನಿ ಫೆವಿಕಾಲ್ ಒಣಗಿಸಿ ಗುರುತು ಮಾಡಿಕೊಂಡಿದ್ದೇನೆ. ಬಿಸಿಲಿನಲ್ಲಿ ಕಾರು ನಿಲ್ಲಿಸಿ ಹೋದಾಗ ಕವಚ ಮುಟ್ಟಲಾಗದಷ್ಟು ಕಾಯುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಬ್ರಾಕೆಟ್‌ನಿಂದ ಜಾರಿಸಿ ತೆಗೆದು ಗ್ಲೋವ್ ಬಾಕ್ಸ್‌ಗೆ ಹಾಕುತ್ತೇನೆ. ಎರಡು ಸೆಕೆಂಡಿನ ಕೆಲಸ.

ಆ ಸಕ್ಷನ್ ಕಪ್‌ಗಳೂ ಅದೇ ಗ್ಲೋವ್ ಬಾಕ್ಸ್‌ನಲ್ಲಿ, ಒರೆಸುವ ಬಟ್ಟೆಯ ಜೊತೆ ಇವೆ. ಕೆಲಸಕ್ಕೆ ಬಾಡಿಗೆ ಕಾರು ಸಿಕ್ಕಿದ ದಿನ ಅವೇ ಗತಿ. ಗಾಜು ಒರೆಸಿ, ಕಪ್ ತೇವ ಮಾಡಿ ಒತ್ತಿ, ಹೊರಡುವ ಮುಂಚೆ ಡಿಟೆಕ್ಟರನ್ನು ಒಮ್ಮೆ ಜೋರಾಗಿ ಎಳೆದು ನೋಡುತ್ತೇನೆ.